ಕಾದ ಲೋಹದ ತೂತು ಹಿಗ್ಗುವುದೇ, ಕುಗ್ಗುವುದೇ?

ಪ್ರಶ್ನೆ: ಗೋಣಿಕೊಪ್ಪಲಿನ ಸಮೀಪ ನಮ್ಮದೊಂದು ಕಾಫಿ ತೋಟವಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಶಾಫ್ಟಿಗೆ ಹೊಸ ಬೇರಿಂಗ್ ಕೂರಿಸಲು ಬಂದ ಮೆಕ್ಯಾನಿಕ್ ಅದನ್ನು ಮೊದಲು ಬಿಸಿ ಎಣ್ಣೆಯಲ್ಲಿಟ್ಟು, ಆಮೇಲೆ ಸಲೀಸಾಗಿ ಶಾಫ್ಟಿನ ಮೇಲೆ ತಳ್ಳಿದರು. ಲೋಹ ಕಾದರೆ ಎಲ್ಲ ದಿಕ್ಕಿಗೂ ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಿದ್ದರೆ ಬೇರಿಂಗಿನ ಲೋಹ ಒಳಮುಖವಾಗಿಯೂ ಹಿಗ್ಗಿ ತೂತು ಕಿರಿದಾಗಬೇಕಿತ್ತಲ್ಲವೇ? ಮನೆಯ ಛಾವಣಿಯ ಶೀಟುಗಳು ಬಿಸಿಲಿಳಿದ ಮೇಲೆ ಟಕಟಕನೆ ಸದ್ದು ಮಾಡುತ್ತವೆ, ಮಳೆಗಾಲದಲ್ಲಿ ಸ್ಕ್ರೂ ಇರುವ ಕಡೆಯೇ ಸೋರುತ್ತವೆ. ಇದಕ್ಕೂ ಬಿಸಿಗೂ ಸಂಬಂಧವಿದೆಯೇ? ಕೊನೆಯದಾಗಿ, ಜೀಪಿನ ಸ್ಪ್ರಿಂಗಿನ ಹಳೆಯ ಪ್ಲೇಟಿನಿಂದ ಮಾಡಿಸಿದ ಕತ್ತಿಯೊಂದನ್ನು ನಮ್ಮ ಕೆಲಸದವರು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಅದು ಸೊಟ್ಟಗಾಯಿತು. ಬೇರಿಂಗ್ ತಣಿದ ಮೇಲೆ ಮೊದಲಿನ ಅಳತೆಗೆ ಬಂತು, ಕತ್ತಿ ಏಕೆ ಮೊದಲಿನ ಆಕಾರಕ್ಕೆ ಬರಲಿಲ್ಲ?

ಉತ್ತರ: ತೂತು ಹಿಗ್ಗುತ್ತದೆ. ಸಮವಾಗಿ ಕಾದ ಬೇರಿಂಗಿನ ಹೊರ ಅಂಚು ಯಾವ ಪ್ರಮಾಣದಲ್ಲಿ ದೊಡ್ಡದಾಗುತ್ತದೆಯೋ ಒಳಗಿನ ತೂತೂ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ. ನಿಮ್ಮ ಮೂರು ಪ್ರಶ್ನೆಗಳು ಬೇರೆಬೇರೆಯಂತೆ ಕಂಡರೂ ಅವುಗಳ ಬೇರು ಒಂದೇ. ಒಂದೇ ಲೋಹದಿಂದಾದ ವಸ್ತುವೊಂದು ಯಾವ ಕಡೆಯೂ ಬಿಗಿತವಿಲ್ಲದೆ ಬಿಡಿಯಾಗಿದ್ದು, ತನ್ನ ಎಲ್ಲ ಭಾಗಗಳಲ್ಲೂ ಸಮವಾಗಿ ಕಾದರೆ, ಅದರ ಗಾತ್ರ ಮಾತ್ರ ಬದಲಾಗುತ್ತದೆ, ಆಕಾರ ಬದಲಾಗುವುದಿಲ್ಲ. ತಣಿದಾಗ ಅದು ಹಳೆಯ ಗಾತ್ರಕ್ಕೇ ಮರಳುತ್ತದೆ. ಈ ಒಂದು ವಾಕ್ಯದೊಳಗೆ ಮೂರು ಷರತ್ತುಗಳು ಅಡಗಿವೆ: ಲೋಹ ಒಂದೇ ಆಗಿರಬೇಕು, ಬಿಗಿತ ಇರಬಾರದು, ಕಾವು ಸಮನಾಗಿರಬೇಕು. ಯಾವುದೊಂದು ತಪ್ಪಿದರೂ ಆಕಾರ ಕೆಡಲು ದಾರಿ ತೆರೆಯುತ್ತದೆ. ನಿಮ್ಮ ಬೇರಿಂಗ್ ಮೂರು ಷರತ್ತುಗಳನ್ನೂ ಪಾಲಿಸಿತು, ಛಾವಣಿಯ ಶೀಟು ಬಿಗಿತದ ಷರತ್ತನ್ನು ಮುರಿಯಿತು, ಕತ್ತಿಯಾದರೋ ಸಮನಾದ ಕಾವಿನ ಷರತ್ತನ್ನು ಮುರಿದುದಲ್ಲದೆ, ಉಕ್ಕಿಗೆ ವಿಶಿಷ್ಟವಾದ ಇನ್ನೊಂದು ಬದಲಾವಣೆಗೂ ಒಳಗಾಯಿತು.

ತೂತಿನ ವಿಷಯವನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅದು ಸ್ಪಷ್ಟವಾದರೆ ಉಳಿದವು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಲೋಹ ಕಾದಾಗ ಅದರ ಪರಮಾಣುಗಳೇ ಉಬ್ಬುತ್ತವೆ ಎಂಬ ಕಲ್ಪನೆ ಹಲವರಲ್ಲಿದೆ, ಅದು ಸರಿಯಲ್ಲ. ಪರಮಾಣುಗಳು ತಮ್ಮ ತಮ್ಮ ನೆಲೆಯ ಸುತ್ತ ಸದಾ ಕಂಪಿಸುತ್ತಿರುತ್ತವೆ, ಕಾವು ಏರಿದಂತೆ ಆ ಕಂಪನ ದೊಡ್ಡದಾಗುತ್ತದೆ. ನೆರೆಹೊರೆಯ ಎರಡು ಪರಮಾಣುಗಳನ್ನು ಇನ್ನಷ್ಟು ಹತ್ತಿರಕ್ಕೆ ಒತ್ತುವುದು ಬಹಳ ಕಷ್ಟ, ಅಷ್ಟೇ ಅಂತರ ದೂರಕ್ಕೆ ಎಳೆಯುವುದು ಅದಕ್ಕಿಂತ ಸುಲಭ. ಆದ್ದರಿಂದ ಕಂಪನ ಹೆಚ್ಚಿದಾಗ ಅವು ಒಳಕ್ಕೆ ಸರಿಯುವುದಕ್ಕಿಂತ ಹೊರಕ್ಕೆ ಸರಿಯುವುದೇ ಹೆಚ್ಚಾಗಿ, ಅವುಗಳ ನಡುವಿನ ಸರಾಸರಿ ಅಂತರ ಬೆಳೆಯುತ್ತದೆ. ಈಗ ತೂತಿನ ಒಳ ಅಂಚಿನಲ್ಲಿ ವರ್ತುಲಾಕಾರವಾಗಿ ಸಾಲುಗಟ್ಟಿ ನಿಂತ ಪರಮಾಣುಗಳನ್ನು ಮನಸ್ಸಿಗೆ ತಂದುಕೊಳ್ಳಿ. ತೂತು ಕಿರಿದಾಗಬೇಕಾದರೆ ಆ ಸಾಲಿನ ಪರಮಾಣುಗಳು ಒಂದಕ್ಕೊಂದು ಹತ್ತಿರವಾಗಬೇಕು. ಕಾವು ಮಾಡುವುದು ಅದರ ತದ್ವಿರುದ್ಧ ಕೆಲಸವನ್ನು: ಸಾಲಿನ ಪ್ರತಿಯೊಂದು ಪರಮಾಣುವೂ ತನ್ನ ಪಕ್ಕದ್ದರಿಂದ ದೂರ ಸರಿಯಲು ಬಯಸುತ್ತದೆ, ಸಾಲು ಉದ್ದವಾಗುತ್ತದೆ, ವರ್ತುಲ ದೊಡ್ಡದಾಗುತ್ತದೆ.

ತೋಟದ ನಕ್ಷೆಯೊಂದನ್ನು ಜೆರಾಕ್ಸ್ ಅಂಗಡಿಯಲ್ಲಿ ನೂರಕ್ಕೆ ನೂರೊಂದರಷ್ಟು ದೊಡ್ಡದು ಮಾಡಿಸಿದಿರಿ ಎನ್ನಿ. ತೋಟದ ಗಡಿ ದೊಡ್ಡದಾಗುತ್ತದೆ, ನಡುವಿನ ಕೆರೆಯೂ ಅದೇ ಅನುಪಾತದಲ್ಲಿ ದೊಡ್ಡದಾಗುತ್ತದೆ. ಕೆರೆಯ ಸುತ್ತಲಿನ ನೆಲ ಹಿಗ್ಗಿತೆಂದು ಕೆರೆ ಕಿರಿದಾಗುವುದಿಲ್ಲ. ಕಾದ ಲೋಹದಲ್ಲಿ ತೂತಿನ ಸ್ಥಿತಿಯೂ ಇದೇ. ಬೇರಿಂಗಿನ ಗೋಡೆ ದಪ್ಪವಾಗುವುದು ನಿಜ, ಆದರೆ ಅದು ದಪ್ಪವಾಗುತ್ತಲೇ ಇಡಿಯಾಗಿ ಹೊರಕ್ಕೆ ಸರಿದಿರುತ್ತದೆ. ಲೋಹದ ಗುಂಡು ಮತ್ತು ಬಳೆಯ ಪ್ರಯೋಗವನ್ನು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ನೋಡಿದವರಿಗೆ ಇದು ನೆನಪಿರಬಹುದು: ಕಾದ ಗುಂಡು ತಣ್ಣನೆಯ ಬಳೆಯೊಳಗೆ ತೂರುವುದಿಲ್ಲ, ಬಳೆಯನ್ನೂ ಕಾಯಿಸಿದರೆ ತೂರುತ್ತದೆ. 18ನೇ ಶತಮಾನದ ಹಾಲೆಂಡಿನ ವಿಜ್ಞಾನಿ ವಿಲ್ಲೆಮ್ ಗ್ರಾವೆಸಾಂಡೆ ಅವರ ಹೆಸರಿನಿಂದಲೇ ಆ ಉಪಕರಣ ಪ್ರಸಿದ್ಧವಾಗಿದೆ. ಮೇಷ್ಟ್ರುಗಳು ಅದರ ಮೊದಲರ್ಧವನ್ನು ತೋರಿಸಿ ಎರಡನೆಯ ಅರ್ಧವನ್ನು ಬಿಟ್ಟುಬಿಡುವುದೇ ನಿಮ್ಮಂಥ ಸಂದೇಹಗಳಿಗೆ ಕಾರಣವೆಂದು ನನ್ನ ಅನಿಸಿಕೆ.

ಹಿಗ್ಗುವ ಪ್ರಮಾಣ ಎಷ್ಟು ಎಂಬುದು ಲೋಹದಿಂದ ಲೋಹಕ್ಕೆ ಬೇರೆ. ಒಂದು ಮೀಟರ್ ಉದ್ದದ ಸಲಾಕೆಯನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾಯಿಸಿದರೆ, ಸಾಮಾನ್ಯ ಉಕ್ಕು ಸುಮಾರು 1.2 ಮಿಲಿಮೀಟರ್ ಉದ್ದವಾಗುತ್ತದೆ, ಬೀಡು ಕಬ್ಬಿಣ ಅದಕ್ಕಿಂತ ತುಸು ಕಡಿಮೆ, ತಾಮ್ರ 1.7, ಹಿತ್ತಾಳೆ ಮತ್ತು ಬೆಳ್ಳಿ 1.9, ಅಲ್ಯೂಮಿನಿಯಂ 2.3 ಮಿಲಿಮೀಟರ್. ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಹೆಸರಿಗೆ ಉಕ್ಕಾದರೂ ಈ ವಿಷಯದಲ್ಲಿ ತಾಮ್ರದ ಜೊತೆಗೆ ನಿಲ್ಲುತ್ತದೆ. ಇದು ಉದ್ದದ ಲೆಕ್ಕ. ಮೇಲ್ಮೈಯ ವಿಸ್ತೀರ್ಣ ಇದರ ಎರಡರಷ್ಟು ಅನುಪಾತದಲ್ಲಿ, ಘನಗಾತ್ರ ಮೂರರಷ್ಟು ಅನುಪಾತದಲ್ಲಿ ಹೆಚ್ಚುತ್ತದೆ.

ನಿಮ್ಮ ಬೇರಿಂಗಿನ ತೂತು 40 ಮಿಲಿಮೀಟರ್ ಇದ್ದು, ಅದನ್ನು ಕೋಣೆಯ ಕಾವಿಗಿಂತ 80 ಡಿಗ್ರಿ ಹೆಚ್ಚು ಕಾಯಿಸಿದ್ದರೆ ತೂತು ಹಿಗ್ಗಿದ್ದು ಸುಮಾರು 0.038 ಮಿಲಿಮೀಟರ್. ಕೇಳಲು ಇದು ಲೆಕ್ಕಕ್ಕಿಲ್ಲದಷ್ಟು ಚಿಕ್ಕದು. ಆದರೆ ಇಂಥ ಕಡೆ ಶಾಫ್ಟನ್ನು ಬೇರಿಂಗಿನ ತೂತಿಗಿಂತ ದಪ್ಪ ಇಟ್ಟಿರುವುದು ಮಿಲಿಮೀಟರಿನ ನೂರನೆಯ ಒಂದೆರಡು ಭಾಗಗಳಷ್ಟು ಮಾತ್ರ. ಅದನ್ನು ದಾಟಲು ಇಷ್ಟು ಹಿಗ್ಗು ಸಾಕು. ತಣಿದ ಮೇಲೆ ಬೇರಿಂಗ್ ಮೊದಲಿನ ಅಳತೆಗೆ ಮರಳಲು ಯತ್ನಿಸಿ ಶಾಫ್ಟನ್ನು ಅಪ್ಪಿ ಹಿಡಿಯುತ್ತದೆ. ಸುತ್ತಿಗೆಯಿಂದ ಬಡಿದು ಕೂರಿಸಿದ್ದರೆ ಒಳಗಿನ ಗುಂಡುಗಳು ಓಡುವ ಹಾದಿಯಲ್ಲಿ ಗುಳಿ ಬಿದ್ದು ಬೇರಿಂಗ್ ಬೇಗ ಹಾಳಾಗುತ್ತಿತ್ತು. ನಿಮ್ಮ ಮೆಕ್ಯಾನಿಕ್ ಮಾಡಿದ್ದು ಸರಿಯಾದ ಕೆಲಸ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಕಮ್ಮಾರರು ಇದೇ ತತ್ತ್ವವನ್ನು ದೊಡ್ಡ ಅಳತೆಯಲ್ಲಿ ಬಳಸುತ್ತಿದ್ದರು. ಒಂದೂವರೆ ಮೀಟರ್ ಅಡ್ಡಳತೆಯ ಪಟ್ಟಿಯನ್ನು 500 ಡಿಗ್ರಿಯಷ್ಟು ಕಾಯಿಸಿದರೆ ಅದರ ಸುತ್ತಳತೆ ಹತ್ತಿರ ಹತ್ತಿರ 30 ಮಿಲಿಮೀಟರ್ ಹೆಚ್ಚುತ್ತದೆ. ಮರದ ಚಕ್ರದ ಮೇಲೆ ಅದನ್ನು ಇಳಿಬಿಟ್ಟು ನೀರು ಸುರಿದರೆ, ಕುಗ್ಗಿದ ಪಟ್ಟಿ ಅರೆಕಾಲುಗಳನ್ನೂ ಗುಂಬವನ್ನೂ ಬಿಗಿದು ಒಂದಾಗಿಸುತ್ತದೆ.

ಬೇರಿಂಗ್ ಕಾಯಿಸುವವರು ಎರಡು ಮೂರು ಸಂಗತಿಗಳನ್ನು ನೆನಪಿಡಬೇಕು. ಕಾವು 110 ಡಿಗ್ರಿಯನ್ನು ದಾಟದಿರುವುದು ಒಳ್ಳೆಯದು. ಬಹಳ ಹೆಚ್ಚಾದರೆ ಬೇರಿಂಗ್ ಉಕ್ಕಿನ ಒಳರಚನೆಯೇ ಬದಲಾಗಿ ಅಳತೆ ಶಾಶ್ವತವಾಗಿ ವ್ಯತ್ಯಾಸವಾದೀತು, ಗಡಸುತನವೂ ಕುಗ್ಗೀತು. ಗ್ಯಾಸ್ ಜ್ವಾಲೆಯನ್ನು ನೇರವಾಗಿ ಬೇರಿಂಗಿಗೆ ಹಿಡಿಯಲೇಬಾರದು, ಏಕೆಂದರೆ ಜ್ವಾಲೆ ಬಿದ್ದ ಕಡೆ ಒಂದು ಕಾವು, ಹಿಂಬದಿಯಲ್ಲಿ ಇನ್ನೊಂದು ಕಾವು ಇರುತ್ತದೆ. ಎರಡೂ ಬದಿಗೆ ಮುಚ್ಚಳವಿದ್ದು ಒಳಗೆ ಗ್ರೀಸ್ ತುಂಬಿ ಬರುವ ಬೇರಿಂಗುಗಳನ್ನು ಎಣ್ಣೆಯಲ್ಲಿ ಕಾಯಿಸಬಾರದು. ಕೂರಿಸಿದ ಮೇಲೆ ಅದು ಬಿಗಿಯುವ ತನಕ ಒತ್ತಿ ಹಿಡಿಯಬೇಕು, ಇಲ್ಲವಾದರೆ ಅಗಲದಲ್ಲಿಯೂ ಕುಗ್ಗುವ ಬೇರಿಂಗ್ ಶಾಫ್ಟಿನ ಮೇಲೆ ತಾನು ಆತುಕೊಂಡಿರಬೇಕಾದ ಮೆಟ್ಟಿಲಿನಿಂದ ತುಸು ಹಿಂದೆ ಸರಿದು ನಿಲ್ಲುತ್ತದೆ.

ಕಳಚುವಾಗ ಲೆಕ್ಕ ಬೇರೆ. ಶಾಫ್ಟಿಗೆ ಕಚ್ಚಿಕೊಂಡ ಪುಲ್ಲಿಯನ್ನು ನಿಧಾನವಾಗಿ, ಬಹಳ ಹೊತ್ತು ಕಾಯಿಸಿದರೆ ಶಾಫ್ಟೂ ಅಷ್ಟೇ ಕಾದು ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿ, ಬಿಗಿತ ಹಾಗೆಯೇ ಉಳಿಯುತ್ತದೆ. ಪುಲ್ಲಿಯ ಹೊರಮೈಯನ್ನು ಸುತ್ತಲೂ ಬೇಗ ಕಾಯಿಸಿ, ಕಾವು ಶಾಫ್ಟಿಗೆ ಇಳಿಯುವ ಮೊದಲೇ ಎಳೆಯಬೇಕು. ತುಕ್ಕು ಹಿಡಿದ ನಟ್ಟಿಗೂ ಇದೇ ಮಾತು. ಹೊರಗಿನ ಭಾಗ ಒಳಗಿನದಕ್ಕಿಂತ ಹೆಚ್ಚು ಹಿಗ್ಗುವ ಲೋಹದ್ದಾದರೆ ಆತುರವಿಲ್ಲ. ಅಲ್ಯೂಮಿನಿಯಂ ಕವಚದಲ್ಲಿ ಕೂತ 62 ಮಿಲಿಮೀಟರ್ ಹೊರ ಅಳತೆಯ ಬೇರಿಂಗನ್ನು, ಅಂದರೆ ಅಂಗಡಿಯಲ್ಲಿ 6206 ಎಂದು ಕೇಳಿ ತರುವಂಥದ್ದನ್ನು, ಕವಚದ ಸಮೇತ 80 ಡಿಗ್ರಿ ಹೆಚ್ಚು ಕಾಯಿಸಿದರೆ ಕವಚದ ಗೂಡು 0.11 ಮಿಲಿಮೀಟರ್ ಹಿಗ್ಗುತ್ತದೆ, ಬೇರಿಂಗ್ 0.06 ಮಾತ್ರ, ನಡುವಿನ ವ್ಯತ್ಯಾಸವೇ ಬಿಗಿತವನ್ನು ಸಡಿಲಿಸುತ್ತದೆ.

ಇಷ್ಟಾದರೂ ನಿಮ್ಮ ಊಹೆ ಸಂಪೂರ್ಣ ಆಧಾರವಿಲ್ಲದ್ದಲ್ಲ; ತೂತು ನಿಜವಾಗಿ ಕಿರಿದಾಗುವ ಸಂದರ್ಭವೂ ಇದೆ, ಅದೂ ನಿಮ್ಮ ಪಲ್ಪರಿನಲ್ಲಿಯೇ ಇರಬಹುದು. ಹಳೆಯ ಯಂತ್ರಗಳಲ್ಲಿ ಬೇರಿಂಗಿನ ಬದಲಿಗೆ ಗನ್‌ಮೆಟಲ್ (ಒಂದು ಬಗೆಯ ಕಂಚು) ಅಥವಾ ಹಿತ್ತಾಳೆಯ ಬುಶ್, ಅಂದರೆ ಶಾಫ್ಟ್ ಒಳಗೆ ತಿರುಗುವ ಗಿಡ್ಡ ಕೊಳವೆ, ಇರುತ್ತದೆ, ಅದನ್ನು ಬೀಡು ಕಬ್ಬಿಣದ ದಪ್ಪ ಗೂಡಿನೊಳಗೆ ಒತ್ತಿ ಕೂರಿಸಿರುತ್ತಾರೆ. ಎಣ್ಣೆ ಒಣಗಿ ಶಾಫ್ಟ್ ಉಜ್ಜತೊಡಗಿದಾಗ ಮೊದಲು ಕಾಯುವುದು ಶಾಫ್ಟ್ ಮತ್ತು ಬುಶ್. ಹೊರಗಿನ ಗೂಡು ಭಾರವಾದದ್ದು, ತಣ್ಣಗಿರುತ್ತದೆ. ಬುಶ್ಶಿಗೆ ಹೊರಕ್ಕೆ ಬೆಳೆಯಲು ಅದು ಎಡೆ ಕೊಡುವುದಿಲ್ಲ. ದಾರಿ ಸಿಗದ ಲೋಹ ಒಳಕ್ಕೆ ತಳ್ಳಿಕೊಳ್ಳುತ್ತದೆ, ತೂತು ಕಿರಿದಾಗುತ್ತದೆ. ಅದೇ ಹೊತ್ತಿಗೆ ಕಾದ ಶಾಫ್ಟ್ ದಪ್ಪವಾಗಿರುತ್ತದೆ. ಎರಡೂ ಸೇರಿ ಯಂತ್ರ ಜಾಮ್ ಆಗುತ್ತದೆ, ತಣಿದ ಮೇಲೆ ಏನೂ ಆಗದಂತೆ ಮತ್ತೆ ತಿರುಗುವುದೂ ಉಂಟು. ಹಣ್ಣು ಕೊಯ್ಲಿನ ದಿನಗಳಲ್ಲಿ ಹೀಗೆ ಒಮ್ಮೆ ನಿಂತ ಯಂತ್ರಕ್ಕೆ ಎಣ್ಣೆ ಬಿಟ್ಟು ಸುಮ್ಮನಾಗದೆ, ಬುಶ್ಶನ್ನು ಬಿಚ್ಚಿ ನೋಡುವುದು ಕ್ಷೇಮ. ತೂತು ಕಿರಿದಾದದ್ದು ಲೋಹದ ಸ್ವಭಾವದಿಂದಲ್ಲ, ಹೊರಗಿನ ಬಿಗಿತದಿಂದ ಎಂಬುದನ್ನು ಇಲ್ಲಿ ಗಮನಿಸಬೇಕು. ಹೊರಗಿನ ಗೂಡಿಲ್ಲದ ಬಿಡಿ ಬಳೆಯಲ್ಲಿ ಒಳ ಅಂಚನ್ನಷ್ಟೇ ಮಿತವಾಗಿ ಕಾಯಿಸಿದರೂ ತೂತು ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಆದರೆ ಅದು ಹಿಗ್ಗುವುದು ಇಡೀ ಬಳೆಯ ಸರಾಸರಿ ಕಾವಿಗೆ ತಕ್ಕಷ್ಟು ಮಾತ್ರ, ಆದ್ದರಿಂದ ಲಾಭ ಕಡಿಮೆ.

ಛಾವಣಿಯ ವಿಷಯಕ್ಕೆ ಬರೋಣ. ಬೇಸಿಗೆಯ ಮುಂಜಾನೆ 20 ಡಿಗ್ರಿಯಲ್ಲಿದ್ದ ಬಣ್ಣದ ಶೀಟು ನಡುಹಗಲಿನ ಬಿಸಿಲಿಗೆ 60 ಡಿಗ್ರಿ ಮುಟ್ಟುವುದು ಅಸಾಧ್ಯವಲ್ಲ. ಸುತ್ತಲಿನ ಗಾಳಿ ತಂಪಾಗಿದ್ದರೂ ಬಿಸಿಲು ನೇರ ಬಿದ್ದ ತಗಡಿನ ಕಾವು ಬೇರೆಯೇ. ಆರು ಮೀಟರ್ ಉದ್ದದ ಉಕ್ಕಿನ ಶೀಟು ಇಷ್ಟರಿಂದ ಸುಮಾರು 2.9 ಮಿಲಿಮೀಟರ್ ಉದ್ದವಾಗುತ್ತದೆ, ಅಲ್ಯೂಮಿನಿಯಂ ಶೀಟಾದರೆ 5.5 ಮಿಲಿಮೀಟರ್. ಕೆಳಗಿನ ಕಬ್ಬಿಣದ ಪಟ್ಟಿಗಳು ನೆರಳಿನಲ್ಲಿದ್ದು ಅಷ್ಟು ಕಾದಿರುವುದಿಲ್ಲವಾದ್ದರಿಂದ ಶೀಟು ಅವುಗಳ ಮೇಲೆ ಸರಿಯಬೇಕಾಗುತ್ತದೆ. ಸ್ಕ್ರೂಗಳೂ ಶೀಟಿನ ಮೇಲೆ ಶೀಟು ಕೂತ ಜೋಡಣೆಗಳೂ ತಮ್ಮ ಘರ್ಷಣೆಯಿಂದ ಅದನ್ನು ತಡೆಹಿಡಿಯುತ್ತವೆ. ಒತ್ತಡ ಮಿತಿಮೀರಿದಾಗ ಅದು ಒಮ್ಮೆಲೇ ಜಾರುತ್ತದೆ, ಮತ್ತೆ ನಿಲ್ಲುತ್ತದೆ, ಮತ್ತೆ ಜಾರುತ್ತದೆ. ನೀವು ಕೇಳುವ ಟಕಟಕ ಸದ್ದು ಈ ಜಾರುವಿಕೆಯದು. ಕಾಫಿ ಹೂ ಅರಳಿಸುವ ಮಾರ್ಚ್, ಏಪ್ರಿಲ್ ತಿಂಗಳ ಹೂಮಳೆ ಕಾದ ಛಾವಣಿಯ ಮೇಲೆ ಬಿದ್ದಾಗ ಈ ಕುಗ್ಗುವಿಕೆ ನಿಮಿಷಗಳಲ್ಲಿ ಮುಗಿಯುವುದರಿಂದ ಸದ್ದು ಇನ್ನೂ ಜೋರಾಗಿರುತ್ತದೆ.

ಸೋರುವುದಕ್ಕೆ ಸ್ಕ್ರೂವಿನ ತೂತು ಹಿಗ್ಗುವುದೇ ಕಾರಣವೆಂದು ಭಾವಿಸಬೇಡಿ. ಆರು ಮಿಲಿಮೀಟರಿನ ತೂತು 40 ಡಿಗ್ರಿ ಏರಿಕೆಯಿಂದ ಹಿಗ್ಗುವುದು 0.003 ಮಿಲಿಮೀಟರ್, ಅದರ ಮೂಲಕ ನೀರು ಇಳಿಯುವ ಮಾತೇ ಇಲ್ಲ. ಕಾರಣ ಶೀಟಿನ ಉದ್ದ. ದಿನಕ್ಕೊಮ್ಮೆಯಾದರೂ ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಸರಿಯುವ ಶೀಟು ವರ್ಷಗಟ್ಟಲೆ ಸ್ಕ್ರೂವಿಗೆ ಉಜ್ಜಿ ದುಂಡಗಿನ ತೂತನ್ನು ಉದ್ದನೆಯ ಸೀಳನ್ನಾಗಿ ಮಾಡುತ್ತದೆ, ರಬ್ಬರ್ ವಾಷರನ್ನು ಸವೆಸುತ್ತದೆ. ಕೊಡಗಿನ ಮಳೆಗೆ ಅಷ್ಟು ಎಡೆ ಸಾಕು. ಅಲೆಯಾಕಾರದ ಶೀಟಿನಲ್ಲಿ ಅಡ್ಡಗಲದ ಹಿಗ್ಗುವಿಕೆಯನ್ನು ಅಲೆಗಳೇ ತುಸು ಏರಿ ನುಂಗಿಕೊಳ್ಳುತ್ತವೆ, ಉದ್ದದ ದಿಕ್ಕಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ಹೊಸದಾಗಿ ಶೀಟು ಹಾಕಿಸುವಾಗ ಛಾವಣಿಯ ಮೇಲ್ತುದಿಯ ಬಳಿ ಬಿಗಿಯಾಗಿ ಹಿಡಿದು, ಕೆಳಗಿನ ಸ್ಕ್ರೂಗಳಿಗೆ ಶೀಟಿನಲ್ಲಿ ತುಸು ಅಗಲವಾದ ತೂತು ಕೊಟ್ಟು, ಅಗಲವಾದ ಒಳ್ಳೆಯ ರಬ್ಬರ್ ವಾಷರಿನಿಂದ ಮುಚ್ಚುವುದು, ಸ್ಕ್ರೂವನ್ನು ಅಲೆಯ ತಗ್ಗಿಗೆ ಹಾಕದೆ ಏರಿಗೆ ಹಾಕುವುದು, ವಾಷರ್ ಅಪ್ಪಚ್ಚಿಯಾಗುವಷ್ಟು ಬಿಗಿಯದಿರುವುದು, ಇವಿಷ್ಟನ್ನು ಕೆಲಸದವರಿಗೆ ಹೇಳಿ ಮಾಡಿಸಿ.

ಬಿಗಿದ ಲೋಹ ಹಿಗ್ಗಿದಾಗ ಆಕಾರ ಎಷ್ಟು ಕೆಡುತ್ತದೆ ಎಂಬುದು ಬಹುಮಂದಿಯ ಅಂದಾಜನ್ನು ಮೀರಿದ್ದು. ಒಂದು ಮೀಟರ್ ಉದ್ದದ ತೆಳುವಾದ ಉಕ್ಕಿನ ಪಟ್ಟಿಯ ಎರಡೂ ತುದಿಗಳನ್ನು ಅಲುಗದಂತೆ ಬಿಗಿದು 30 ಡಿಗ್ರಿ ಕಾಯಿಸಿದರೆ ಅದು ಉದ್ದವಾಗಬೇಕಾದದ್ದು ಬರೀ 0.36 ಮಿಲಿಮೀಟರ್. ಉದ್ದವಾಗಲು ಜಾಗವಿಲ್ಲದೆ ಅದು ನಡುವಿನಲ್ಲಿ ಉಬ್ಬುತ್ತದೆ. ಆ ಉಬ್ಬು ಸುಮಾರು 12 ಮಿಲಿಮೀಟರ್. ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸ, ಆಕಾರದಲ್ಲಿ ಬೆರಳಗಲದ ವ್ಯತ್ಯಾಸ. ತೂಗುಸೇತುವೆಯ ಹಗ್ಗದಲ್ಲಿಯೂ ಇದೇ ಲೆಕ್ಕ ನಡೆಯುತ್ತದೆ: 50 ಮೀಟರ್ ಅಗಲದ ಹೊಳೆಗೆ ಅಡ್ಡಲಾಗಿ ನಡುವೆ ಎರಡು ಮೀಟರ್ ಜೋತುಬಿದ್ದ ಉಕ್ಕಿನ ಹಗ್ಗ 15 ಡಿಗ್ರಿ ಕಾದರೆ 9 ಮಿಲಿಮೀಟರ್ ಉದ್ದವಾಗುತ್ತದೆ, ಆದರೆ ನಡುಭಾಗ ಕೆಳಗಿಳಿಯುವುದು 4 ಸೆಂಟಿಮೀಟರಿಗೂ ಹೆಚ್ಚು.

ಉಬ್ಬಲೂ ಬಿಡದಂತೆ ಬಿಗಿದರೆ? ಆಗ ಹಿಗ್ಗಬೇಕಾದ ಲೋಹ ತನ್ನೊಳಗೇ ಒತ್ತಡವನ್ನು ತುಂಬಿಕೊಳ್ಳುತ್ತದೆ. ನಮ್ಮ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲದ್ದರಿಂದ, ಹಳಿಗಳ ನಡುವೆ ಸಂದು ಬಿಡುವ ಪಠ್ಯಪುಸ್ತಕದ ಉದಾಹರಣೆ ನಮ್ಮ ಮಕ್ಕಳಿಗೆ ಮೊದಲೇ ದೂರದ್ದು. ಅದು ಈಗ ಬಹುಮಟ್ಟಿಗೆ ಹಳತೂ ಆಗಿದೆ. ಇಂದು ಹಳಿಗಳನ್ನು ಉದ್ದಕ್ಕೂ ಬೆಸೆದು, ಸ್ಲೀಪರುಗಳಿಗೆ ಬಿಗಿದು, ಹಿಗ್ಗಲು ಬಿಡದೆಯೇ ಇರಿಸುತ್ತಾರೆ. 30 ಡಿಗ್ರಿ ಏರಿಕೆಗೆ ಅಂಥ ಒಂದು ಹಳಿಯೊಳಗೆ 50 ಟನ್ನಿಗೂ ಮೀರಿದ ಒತ್ತಡ ಉಂಟಾಗುತ್ತದೆ, ಅದನ್ನು ಸ್ಲೀಪರುಗಳೂ ಜಲ್ಲಿಯೂ ತಡೆಯುತ್ತವೆ. ಇಲ್ಲಿ ನೆನಪಿಡಬೇಕಾದ ಒಂದು ಅಂಕಿಯಿದೆ. ಗೇಟು, ಕಿಟಕಿ ಸರಳುಗಳಿಗೆ ಬಳಸುವ ಮೃದು ಉಕ್ಕನ್ನು ಒಂದಿಷ್ಟೂ ಅಲುಗದಂತೆ ಹಿಡಿದು 100 ಡಿಗ್ರಿಯಷ್ಟು ಕಾಯಿಸಿದರೆ ಸಾಕು, ಅದರೊಳಗಿನ ಒತ್ತಡ ಲೋಹ ಶಾಶ್ವತವಾಗಿ ಮಣಿಯುವ ಮಿತಿಯ ಹತ್ತಿರಕ್ಕೆ ಬರುತ್ತದೆ. ಅದನ್ನು ದಾಟಿದರೆ ತಣಿದ ಮೇಲೂ ಹಳೆಯ ಆಕಾರ ಬರುವುದಿಲ್ಲ. ಕತ್ತಿಯ ಪ್ರಶ್ನೆಗೆ ಅರ್ಧ ಉತ್ತರ ಇದೇ.

ಎರಡು ಲೋಹಗಳು ಒಂದಾಗಿದ್ದರೆ ಏನಾಗುತ್ತದೆ ಎಂಬುದನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. ಹಿತ್ತಾಳೆ ಮತ್ತು ಉಕ್ಕಿನ ತೆಳು ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಬೆಸೆದು ಕಾಯಿಸಿದರೆ, ಹೆಚ್ಚು ಹಿಗ್ಗುವ ಹಿತ್ತಾಳೆ ಹೊರಬದಿಗೆ ಬರುವಂತೆ ಇಡೀ ಪಟ್ಟಿ ಬಾಗುತ್ತದೆ. ಇಸ್ತ್ರಿ ಪೆಟ್ಟಿಗೆ ನಿಗದಿತ ಕಾವಿಗೆ ತಾನಾಗಿ ಆರಿ ಹೊತ್ತುವುದು ಇಂಥದೇ ಜೋಡಿಲೋಹದ ಪಟ್ಟಿಯಿಂದ. ಬಚ್ಚಲುಮನೆಯ ತಾಮ್ರದ ಹಂಡೆಯ ಕೊರಳಿಗೆ ಸಿಮೆಂಟನ್ನು ಬಿಗಿಯಾಗಿ ಮೆತ್ತಿದರೆ ಅದು ಬಿರುಕು ಬಿಡುವುದೂ ಎರಡು ವಸ್ತುಗಳ ಹಿಗ್ಗುವಿಕೆ ಹೊಂದದ್ದರಿಂದಲೇ. 60 ಸೆಂಟಿಮೀಟರ್ ಅಗಲದ ಹಂಡೆ ನೀರು ಕುದಿಯುವ ಹೊತ್ತಿಗೆ ಮುಕ್ಕಾಲು ಮಿಲಿಮೀಟರಿನಷ್ಟು ಹಿಗ್ಗಿರುತ್ತದೆ, ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಯಲ್ಲೇ ಕುದಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ. ಹಿಗ್ಗುವುದೇ ಬೇಡ ಎನ್ನುವ ಕಡೆಗೆ, ಉದಾಹರಣೆಗೆ ಅಳತೆಯ ಉಪಕರಣಗಳಿಗೆ, ನೂರಕ್ಕೆ 36 ಭಾಗ ನಿಕಲ್ ಬೆರೆತ ಇನ್ವಾರ್ ಎಂಬ ಮಿಶ್ರಲೋಹವಿದೆ. ಅದರ ಹಿಗ್ಗುವಿಕೆ ಸಾಮಾನ್ಯ ಉಕ್ಕಿನ ಹತ್ತನೆಯ ಒಂದು ಭಾಗ. ಅದನ್ನು 1896ರಲ್ಲಿ ಕಂಡುಹಿಡಿದ ಸ್ವಿಟ್ಜರ್ಲೆಂಡಿನ ಶಾರ್ಲ್ ಎದುವಾರ್ ಗಿಯೋಮ್ ಅವರಿಗೆ 1920ರ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂತು.

ಲೋಹ ಒಂದೇ ಆಗಿದ್ದು, ಬಿಗಿತವೂ ಇಲ್ಲದೆ, ಕಾವು ಮಾತ್ರ ಅಸಮವಾಗಿದ್ದರೂ ಆಕಾರ ಕೆಡುತ್ತದೆ, ಏಕೆಂದರೆ ಕಾದ ಭಾಗಕ್ಕೆ ತಣ್ಣನೆಯ ಭಾಗವೇ ಬಿಗಿತವಾಗುತ್ತದೆ. 60 ಸೆಂಟಿಮೀಟರ್ ಉದ್ದ, 10 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯ ಒಂದು ಮೈ ಇನ್ನೊಂದಕ್ಕಿಂತ 20 ಡಿಗ್ರಿ ಹೆಚ್ಚು ಕಾದರೆ ಅದು ಕಾದ ಬದಿಗೆ ಉಬ್ಬಿ, ನಡುವೆ ಸುಮಾರು ಒಂದು ಮಿಲಿಮೀಟರ್ ಬಾಗುತ್ತದೆ. ಜೋಡಿ ನಳಿಗೆಯ ಕೋವಿಯಲ್ಲಿ ಒಂದೇ ನಳಿಗೆಯಿಂದ ಮೇಲಿಂದ ಮೇಲೆ ಗುಂಡು ಹಾರಿಸಿದರೆ, ಕಾದ ನಳಿಗೆ ಉದ್ದವಾಗಿ, ತನಗೆ ಬೆಸೆದ ತಣ್ಣನೆಯ ನಳಿಗೆಯ ಕಡೆಗೆ ಜೋಡಿಯನ್ನು ಬಾಗಿಸಲು ಯತ್ನಿಸುವುದೂ ಇದರಿಂದಲೇ. ಅದು ಅತಿ ಸಣ್ಣ ಬಾಗು, ತಣಿದಾಗ ಮಾಯವಾಗುತ್ತದೆ. ಕಾದ ಬೀಡು ಕಬ್ಬಿಣದ ಕಾವಲಿಗೆ ತಣ್ಣೀರು ಎರಚಿದಾಗ ಮಾತ್ರ ಫಲ ಬೇರೆ: ಮೇಲ್ಮೈ ಒಮ್ಮೆಲೇ ಕುಗ್ಗಬೇಕೆನ್ನುತ್ತದೆ, ಒಳಭಾಗ ಬಿಡುವುದಿಲ್ಲ, ಎಳೆತಕ್ಕೆ ಮಣಿಯಲಾರದ ಬೀಡು ಕಬ್ಬಿಣ ಬಿರಿಯುತ್ತದೆ.

ವೆಲ್ಡಿಂಗ್ ಮಾಡಿದ ಗೇಟು ಸೊಟ್ಟಗಾಗುವುದು ಅಸಮ ಕಾವಿನ ಅತ್ಯಂತ ಪರಿಚಿತ ಉದಾಹರಣೆ. ಬೆಸುಗೆಯ ಬಳಿ ಕೆಂಪಗೆ ಕಾದ ಲೋಹ ಹಿಗ್ಗಲು ಹೊರಡುತ್ತದೆ, ಸುತ್ತಲಿನ ತಣ್ಣನೆಯ ಲೋಹ ತಡೆಯುತ್ತದೆ. ಕಾವಿನಿಂದ ಮೆತ್ತಗಾದ ಭಾಗ ಸೋತು ಅಲ್ಲಿಯೇ ಕುಳ್ಳಗೆ, ದಪ್ಪಗೆ ಅಮುಕಿಕೊಳ್ಳುತ್ತದೆ. ತಣಿಯುವಾಗ ಅದು ಕುಗ್ಗುವುದು ಹೀಗೆ ಮೊದಲೇ ಕುಳ್ಳಾದ ಅಳತೆಯಿಂದ. ಆದ್ದರಿಂದ ತಣಿದ ಮೇಲೆ ಮೊದಲಿಗಿಂತ ಚಿಕ್ಕದಾಗಿ ಅಕ್ಕಪಕ್ಕದ ಲೋಹವನ್ನು ತನ್ನ ಕಡೆಗೆ ಎಳೆಯುತ್ತದೆ. ಕಾದಾಗ ಹಿಗ್ಗುವ ಲೋಹವೇ ಕಾಯಿಸಿದ್ದರ ಫಲವಾಗಿ ಕೊನೆಗೆ ಗಿಡ್ಡವಾಗಿ ಉಳಿಯುವುದು ವಿಚಿತ್ರವೆನಿಸಿದರೂ ಸತ್ಯ. ಅನುಭವವಿರುವ ವೆಲ್ಡರುಗಳು ಮೊದಲು ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ಆಮೇಲೆ ಎದುರುಬದುರು ಬದಿಗಳಲ್ಲಿ ಸರದಿಯಂತೆ ಬೆಸೆಯುವುದು ಈ ಎಳೆತಗಳು ಒಂದನ್ನೊಂದು ಸರಿದೂಗಿಸಲಿ ಎಂದೇ. ಬಾಗಿದ ಪಟ್ಟಿಯ ಉಬ್ಬಿದ ಬದಿಯಲ್ಲಿ ಒಂದು ಚುಕ್ಕೆಯಷ್ಟು ಜಾಗವನ್ನು ಕೆಂಪಗೆ ಕಾಯಿಸಿ ತಣಿಯಲು ಬಿಟ್ಟು ಅದನ್ನು ನೇರಗೊಳಿಸುವ ಕುಶಲಿಗಳೂ ಇದ್ದಾರೆ. ಅದೇ ದೋಷವನ್ನು ಅವರು ಉಪಾಯವಾಗಿ ಬಳಸುತ್ತಾರೆ.

ಇನ್ನು ನಿಮ್ಮ ಕತ್ತಿ. ಕೆಂಪಗೆ ಕಾದ ಉಕ್ಕು ತನ್ನ ಬಲದ ಬಹುಪಾಲನ್ನು ಕಳೆದುಕೊಂಡಿರುತ್ತದೆ, ಇಕ್ಕಳದಲ್ಲಿ ಅಡ್ಡ ಹಿಡಿದರೆ ತನ್ನ ಭಾರಕ್ಕೇ ತುಸು ಬಗ್ಗಬಹುದು. ನೀರಿಗೆ ಅದ್ದಿದಾಗ ಒಂದು ಮಗ್ಗುಲು ಮೊದಲು ನೀರು ಮುಟ್ಟಿದರೆ ಆ ಮಗ್ಗುಲು ಮೊದಲು ಕುಗ್ಗುತ್ತದೆ; ಮೆತ್ತಗಿರುವ ಇನ್ನೊಂದು ಮಗ್ಗುಲು ಅದಕ್ಕೆ ಮಣಿಯುತ್ತದೆ. ಬಾಯಿಯ ಕಡೆ ತೆಳ್ಳಗೆ, ಬೆನ್ನಿನ ಕಡೆ ದಪ್ಪಗೆ ಇರುವುದರಿಂದ ಅವೂ ಒಂದೇ ವೇಗದಲ್ಲಿ ತಣಿಯುವುದಿಲ್ಲ. ಇದರ ಮೇಲೆ, ಆರಂಭದಲ್ಲಿ ಹೇಳಿದ ಉಕ್ಕಿನ ವಿಶೇಷವೂ ಸೇರುತ್ತದೆ. ಸುಮಾರು 727 ಡಿಗ್ರಿ ದಾಟಿದಾಗ ಉಕ್ಕಿನ ಪರಮಾಣುಗಳು ತಮ್ಮ ಜೋಡಣೆಯನ್ನೇ ಬದಲಿಸಿ ಹೆಚ್ಚು ಒತ್ತಾಗಿ ಕೂರುತ್ತವೆ, ಅಲ್ಲಿಯವರೆಗೆ ಹಿಗ್ಗುತ್ತ ಬಂದ ಉಕ್ಕು ಆ ಹಂತದಲ್ಲಿ ಕಾಯುತ್ತಲೇ ಕುಗ್ಗುತ್ತದೆ. ಬಿಗಿಯಾಗಿ ಎಳೆದ ಕಬ್ಬಿಣದ ತಂತಿಯನ್ನು ವಿದ್ಯುತ್ತಿನಿಂದ ಕೆಂಪಗೆ ಕಾಯಿಸಿ, ಆಮೇಲೆ ತಣಿಯಲು ಬಿಟ್ಟರೆ, ಮೇಲೇರುತ್ತಿದ್ದ ತಂತಿ ಒಂದು ಕ್ಷಣ ಮತ್ತೆ ಜೋತುಬೀಳುವುದನ್ನು ಕಣ್ಣಾರೆ ಕಾಣಬಹುದು. ಕೆಂಪಗಿನ ಉಕ್ಕನ್ನು ಥಟ್ಟನೆ ತಣಿಸಿದಾಗ ಪರಮಾಣುಗಳಿಗೆ ಹಳೆಯ ಜೋಡಣೆಗೆ ಮರಳಲು ಸಮಯ ಸಿಗದೆ, ಇಂಗಾಲ ನಡುವೆ ಸಿಕ್ಕಿಕೊಂಡ ಮೂರನೆಯದೊಂದು ಗಡಸು ರಚನೆ ಉಂಟಾಗುತ್ತದೆ. ಅದು ಮೊದಲಿನ ಉಕ್ಕಿಗಿಂತ ಹೆಚ್ಚು ಜಾಗ ಬೇಡುತ್ತದೆ. ಹೀಗಾಗಿ ತಣಿಯುವಾಗ ಕತ್ತಿಯ ಒಂದು ಭಾಗ ಕುಗ್ಗುತ್ತಿದ್ದರೆ ಇನ್ನೊಂದು ಭಾಗ ಗಡುಸಾಗುತ್ತ ಹಿಗ್ಗುತ್ತಿರುತ್ತದೆ; ಬಾಗುವ ದಿಕ್ಕು ನಡುವೆಯೇ ತಿರುಗಿಬಿಡುವುದೂ ಉಂಟು. ಹದವಾದ ಕತ್ತಿ ತಣಿದ ಮೇಲೆ ಹಳೆಯ ಲೋಹವೇ ಆಗಿ ಉಳಿದಿಲ್ಲ, ಆದ್ದರಿಂದ ಅದು ಹಳೆಯ ಅಳತೆಗೆ ಮರಳಲೂ ಕಾರಣವಿಲ್ಲ. ಬೇರಿಂಗಿನ 110 ಡಿಗ್ರಿಗೂ ಕತ್ತಿಯ ಕೆಂಪು ಕಾವಿಗೂ ಇರುವ ಅಂತರ ಇದೇ.

ಜೀಪಿನ ಪ್ಲೇಟಿನ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ನೂರಕ್ಕೆ ಅರ್ಧ ಭಾಗ ಅಥವಾ ತುಸು ಹೆಚ್ಚು ಇರುತ್ತದೆ, ಜೊತೆಗೆ ಬೇರೆ ಲೋಹಾಂಶಗಳೂ ಬೆರೆತಿರುತ್ತವೆ. ಅದನ್ನು ನೀರಿಗೆ ಅದ್ದುವುದು ಅನಗತ್ಯವಾದ ಆತುರ. ಸೊಟ್ಟಗಾದದ್ದು ನಿಮ್ಮ ಅದೃಷ್ಟ, ಬಿರುಕು ಬಿಡಬಹುದಿತ್ತು. ಮತ್ತೆ ಹದ ಕೊಡಿಸುವುದಾದರೆ ಕುಲುಮೆಯಲ್ಲಿ ಇಡೀ ಅಲಗನ್ನು ಸಮವಾಗಿ, ಅಯಸ್ಕಾಂತಕ್ಕೆ ಅಂಟದಷ್ಟು ಕಾವು ಬಂದು ಅದಕ್ಕಿಂತ ಸ್ವಲ್ಪವೇ ಮೇಲೇರುವ ತನಕ ಕಾಯಿಸಿ, ಮೊದಲು ನೇರ ಮಾಡಿ ನಿಧಾನವಾಗಿ ತಣಿಯಲು ಬಿಡಲಿ. ಹಿಂದಿನ ಒತ್ತಡಗಳು ಅದರಿಂದ ಇಳಿಯುತ್ತವೆ. ಎರಡನೆಯ ಸಲ ಕಾಯಿಸಿ, ತುಸು ಬೆಚ್ಚಗಿನ ಎಣ್ಣೆಯೊಳಗೆ ನೇರವಾಗಿ ಲಂಬಕ್ಕೆ ಇಳಿಸಲಿ, ಮಗ್ಗುಲಾಗಿ ಅಲ್ಲ. ಒಳಗೆ ಅಲ್ಲಾಡಿಸುವುದಿದ್ದರೆ ಮೇಲೆ ಕೆಳಗೆ ಮಾತ್ರ. ಆಮೇಲೆ ಅಲಗಿನ ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲನೆ ಕಾಯಿಸಿದರೆ ಉಜ್ಜಿದ ಜಾಗದಲ್ಲಿ ಮೊದಲು ಹುಲ್ಲಿನ ಹಳದಿ, ಬಳಿಕ ಕಂದು, ಕೊನೆಗೆ ನೀಲಿ ಬಣ್ಣ ಕಾಣಿಸುತ್ತದೆ. ಹಳದಿ ಸುಮಾರು 220 ಡಿಗ್ರಿಯ ಗುರುತು, ನೀಲಿ 300ರ ಹತ್ತಿರದ್ದು. ಮರದ ಕೊಂಬೆ ಸವರುವ ಕತ್ತಿಗೆ ಬಾಯಿಯ ಕಡೆ ಕಂದು ಮೂಡಿದಾಗ ನಿಲ್ಲಿಸುವುದು ನನ್ನ ಸಲಹೆ. ಹಳದಿಯಲ್ಲಿಯೇ ನಿಲ್ಲಿಸಿದರೆ ಗಂಟಿಗೆ ಬಿದ್ದಾಗ ಬಾಯಿ ಚಕ್ಕೆ ಏಳುತ್ತದೆ. ಅಷ್ಟಾದ ಮೇಲೂ ಸ್ವಲ್ಪ ಬಾಗು ಉಳಿದಿದ್ದರೆ ಅಲಗು ಇನ್ನೂ ಕೈ ಮುಟ್ಟಲಾಗದಷ್ಟು ಬಿಸಿಯಿರುವಾಗಲೇ ವೈಸಿನಲ್ಲಿ ಹಿಡಿದು ನಿಧಾನವಾಗಿ ಒತ್ತಿ ಸರಿಪಡಿಸಬೇಕು. ಎಣ್ಣೆಯಿಂದ ತೆಗೆದ ಕೂಡಲೇ, ಬಣ್ಣ ಮೂಡಿಸುವ ಈ ಮೆಲ್ಲನೆಯ ಕಾವು ಕೊಡುವ ಮೊದಲೇ, ಸುತ್ತಿಗೆಯಿಂದ ಬಡಿದರೆ ಅದು ಎರಡು ತುಂಡಾಗುತ್ತದೆ.